ಗಿರಾಕಿಗೂ ಗಲ್ಲಾಕ್ಕೂ ಒಂದೇ ವೈ-ಫೈ ಬೇಡ

ದಾವಣಗೆರೆಯಲ್ಲಿ ಈಗ ವೈ-ಫೈ ಇಲ್ಲದ ಅಂಗಡಿ ಹುಡುಕುವುದು ಕಷ್ಟ. ಮಂಡಿಪೇಟೆಯ ಹೋಲ್‌ಸೇಲ್ ಕಿರಾಣಿ, ಪಿ.ಜೆ. ಬಡಾವಣೆಯ ಕ್ಲಿನಿಕ್, ವಿದ್ಯಾನಗರದ ಪಿಜಿ, ಬೆಣ್ಣೆ ದೋಸೆ ಹೋಟೆಲ್, ಎಪಿಎಂಸಿಯ ದಲಾಲಿ ಅಂಗಡಿ, ಎಲ್ಲ ಕಡೆ ಗೋಡೆ ಮೇಲೆ ಒಂದು ಬಿಳಿ ಡಬ್ಬಿ ಮಿಣಮಿಣ ಅನ್ನುತ್ತಿರುತ್ತದೆ. ಎಷ್ಟೋ ಕಡೆ ಗಲ್ಲಾದ ಪಕ್ಕದಲ್ಲೇ ಪಾಸ್‌ವರ್ಡ್ ಬರೆದ ಚೀಟಿಯನ್ನೂ ಅಂಟಿಸಿರುತ್ತಾರೆ. ಗಿರಾಕಿ ಕೇಳಿದ ಮೇಲೆ ಇಲ್ಲ ಅನ್ನೋಕಾಗಲ್ಲ, ಅಲ್ವಾ? ಗಿರಾಕಿಗೆ ವೈ-ಫೈ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದೇ ವೈ-ಫೈನಲ್ಲಿ ಟ್ಯಾಲಿ ಇರುವ ಕಂಪ್ಯೂಟರ್ ಇದೆ, ಬಿಲ್ ಪ್ರಿಂಟರ್ ಇದೆ, ಸಿಸಿಟಿವಿ ದೃಶ್ಯ ದಾಖಲಿಸುವ ಡಿವಿಆರ್ ಇದೆ, ಮಾಲೀಕರ ಫೋನ್ ಇದೆ. ಚೀಟಿ ಓದಿದ ಯಾರಿಗೇ ಆಗಲಿ, ಇವೆಲ್ಲ ಕೈಗೆ ಸಿಗುವಷ್ಟು ಹತ್ತಿರ ಬಂದುಬಿಡುತ್ತವೆ.

ಅಂಗಡಿಗೆ ಬಂದ ಗಿರಾಕಿಯನ್ನು ಕೂರಿಸುತ್ತೇವೆ, ನೀರು ಕೊಡುತ್ತೇವೆ. ಗಲ್ಲಾದ ಹಿಂದೆ ಬಿಡುವುದಿಲ್ಲ. ವೈ-ಫೈನಲ್ಲೂ ಮಾಡಬೇಕಿರುವುದು ಇಷ್ಟೇ. ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಡಬ್ಬಿಯೊಳಗೆ ಏನು ನಡೆಯುತ್ತದೆ ಅನ್ನುವುದು ಗೊತ್ತಿರಬೇಕು, ಕೆಲಸಕ್ಕೆ ಬಂದವರಿಗೆ ಏನು ಹೇಳಬೇಕು ಅನ್ನುವುದು ಗೊತ್ತಿರಬೇಕು. ಅಂಗಡಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದೇ ನನ್ನ ಕೆಲಸವಾದ್ದರಿಂದ, ನಮ್ಮೂರಿನ ಕಟ್ಟಡ, ನಮ್ಮೂರಿನ ವ್ಯಾಪಾರ ಇಟ್ಟುಕೊಂಡೇ ಹೇಳುತ್ತೇನೆ.

ಇಂಟರ್‌ನೆಟ್ ಕಂಪನಿಯವರು ಕೊಟ್ಟು ಹೋಗುವ ಒಂದೇ ಡಬ್ಬಿಯಲ್ಲಿ ನಾಲ್ಕು ಕೆಲಸ ಸೇರಿಕೊಂಡಿರುತ್ತವೆ. ಫೈಬರಿನ ಬೆಳಕನ್ನು ನೆಟ್‌ವರ್ಕಿಗೆ ತಿರುಗಿಸುವುದು ಒಂದು. ಮನೆಯೊಳಗಿನ ಸಾಧನಗಳಿಗೆ ವಿಳಾಸ ಹಂಚಿ ಹೊರಗಿನ ಇಂಟರ್‌ನೆಟ್ಟಿಗೆ ದಾರಿ ತೋರಿಸುವ ರೂಟರ್ ಕೆಲಸ ಇನ್ನೊಂದು. ಕೇಬಲ್ ಚುಚ್ಚುವ ಸ್ವಿಚ್ ಮೂರನೆಯದು. ಕೊನೆಯದೇ ಆಕ್ಸೆಸ್ ಪಾಯಿಂಟ್, ಅಂದರೆ ಕೇಬಲಿನಲ್ಲಿ ಬಂದದ್ದನ್ನು ರೇಡಿಯೋ ಮೂಲಕ ಫೋನಿಗೆ ತಲುಪಿಸುವ ಭಾಗ. ಕೆಲಸದವರು ಇದನ್ನು ಎಪಿ ಅಂತಲೇ ಕರೆಯುತ್ತಾರೆ. ಸಣ್ಣ ಮನೆಗೆ ಆ ಒಂದು ಡಬ್ಬಿ ಸಾಕು. ವ್ಯಾಪಾರದ ಜಾಗಕ್ಕೆ ಸಾಲುವುದಿಲ್ಲ, ಯಾಕೆಂದರೆ ಫೈಬರ್ ಎಲ್ಲಿ ಒಳಗೆ ಬರುತ್ತದೋ ಡಬ್ಬಿ ಅಲ್ಲೇ ಕೂರುತ್ತದೆ. ಅದು ಸಾಮಾನ್ಯವಾಗಿ ಶಟರ್ ಪಕ್ಕದ ಮೂಲೆ ಇಲ್ಲವೇ ಮೆಟ್ಟಿಲ ಕೆಳಗಿನ ಜಾಗ. ಗಿರಾಕಿ ಕೂರುವುದು, ಲೆಕ್ಕ ಬರೆಯುವುದು ಇನ್ನೆಲ್ಲೋ. ಅದಕ್ಕೇ ಎಪಿಯನ್ನು ಬೇರೆಯಾಗಿ ತಂದು, ಬೇಕಾದ ಜಾಗದಲ್ಲಿ ಹಾಕಬೇಕು.

ಹಳೇ ರೂಟರ್ ಒಂದನ್ನು ಎಪಿಯಂತೆ ಬಳಸುವವರೂ ಇದ್ದಾರೆ. ಬಳಸಬಹುದು. ಆದರೆ ಅದನ್ನು ಎಪಿ ಮೋಡ್‌ಗೆ ಹಾಕಲೇಬೇಕು, ಅಂದರೆ ರೂಟರ್ ಕೆಲಸ ಬಿಡಿಸಬೇಕು. ಇಲ್ಲದಿದ್ದರೆ ಎರಡು ಡಬ್ಬಿಗಳೂ ವಿಳಾಸ ಹಂಚಲು ಶುರು ಮಾಡುತ್ತವೆ. ಆಗ ಕಂಪ್ಯೂಟರ್ ಒಂದು ಕಡೆ, ಪ್ರಿಂಟರ್ ಇನ್ನೊಂದು ಕಡೆ ಸಿಕ್ಕಿಕೊಂಡು ಬಿಲ್ ಬರುವುದೇ ನಿಲ್ಲುತ್ತದೆ.

ಎಲ್ಲಿ ಹಾಕಬೇಕು

ಹಳೇ ಊರಿನ ಚೌಕಿಪೇಟೆ, ಮಂಡಿಪೇಟೆ ಕಡೆಯ ಕಟ್ಟಡಗಳನ್ನು ನೋಡಿ. ಅಗಲ ಕಮ್ಮಿ, ಉದ್ದ ಜಾಸ್ತಿ. ಮುಂದೆ ಅಂಗಡಿ, ನಡುವೆ ಗೋಡೌನ್, ಹಿಂದೆ ಆಫೀಸು. ನಡುವಿನ ಗೋಡೆ ಕಲ್ಲು ಮಣ್ಣಿನದು, ದಪ್ಪ. ಗೋಡೌನಿನಲ್ಲಿ ಅಕ್ಕಿ, ಮೆಕ್ಕೆಜೋಳದ ಚೀಲ ಸೂರಿನ ತನಕ. ಕಾಳಿನಲ್ಲಿರುವ ತೇವ ರೇಡಿಯೋ ಅಲೆಯನ್ನು ಹೀರುತ್ತದೆ. ಕಬ್ಬಿಣದ ಶಟರ್, ಬೀರು, ಹೋಟೆಲಿನ ಫ್ರಿಜ್ ಅದನ್ನು ವಾಪಸ್ ತಳ್ಳುತ್ತವೆ. ಹಾಗಾಗಿ ಬೆಳಿಗ್ಗೆ ಖಾಲಿ ಗೋಡೌನಿನಲ್ಲಿ ಚೆನ್ನಾಗಿ ಬಂದ ಸಿಗ್ನಲ್, ಲಾರಿ ಮಾಲು ಇಳಿಸಿದ ಮೇಲೆ ಕೈಕೊಡುತ್ತದೆ. ಪರೀಕ್ಷೆ ಮಾಡುವುದಾದರೆ ಮಾಲು ತುಂಬಿರುವಾಗಲೇ ಮಾಡಿ.

ಪರೀಕ್ಷೆಗೆ ಫೋನೇ ಸಾಕು. ಆಂಡ್ರಾಯ್ಡಿನಲ್ಲಿ ವೈ-ಫೈ ಅನಲೈಸರ್ ಥರದ ಉಚಿತ ಆಪ್‌ಗಳು ಸಿಗುತ್ತವೆ. ಅವು ಸಿಗ್ನಲ್ಲನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತವೆ. ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಭರ್ಜರಿ. ಮೈನಸ್ 67ರ ತನಕ ವಿಡಿಯೋ ಕಾಲ್ ಕೂಡ ನಡೆಯುತ್ತದೆ. ಮೈನಸ್ 80 ತಲುಪಿದರೆ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ. ಇಲ್ಲಿ 3 ಡಿಬಿ ಇಳಿಯಿತು ಅಂದರೆ ಶಕ್ತಿ ಅರ್ಧವಾಯಿತು ಅಂತ ಅರ್ಥ. ಸಂಖ್ಯೆಯಲ್ಲಿ ಸಣ್ಣದಾಗಿ ಕಂಡರೂ ವ್ಯತ್ಯಾಸ ದೊಡ್ಡದು. ಫೋನ್ ಹಿಡಿದು ಗಲ್ಲಾದಿಂದ ಹಿಂದಿನ ಆಫೀಸಿನ ತನಕ ಒಂದು ಸಲ ನಡೆದುಬಿಡಿ, ಎಪಿ ಎಷ್ಟು ಬೇಕು, ಎಲ್ಲಿ ಬೇಕು ಅನ್ನುವುದು ತಾನೇ ತಿಳಿಯುತ್ತದೆ.

ಇಲ್ಲಿಗೆ ಬಂದಾಗ ಎಲ್ಲ ಮಾಲೀಕರೂ ಒಂದೇ ಮಾತು ಹೇಳುತ್ತಾರೆ: "ಗೋಡೆ ಕೊರೆಯೋದು ಬೇಡ ರೀ, ಬೇರೆ ಏನಾದ್ರೂ ದಾರಿ ನೋಡಿ." ಬೇರೆ ದಾರಿ ಅಂದರೆ ರಿಪೀಟರ್. ಅದು ಬಂದ ಮಾತನ್ನು ಕೇಳಿಸಿಕೊಂಡು ಮತ್ತೆ ಗಾಳಿಯಲ್ಲೇ ಕೂಗುವ ಡಬ್ಬಿ. ಕೇಳುವುದಕ್ಕೂ ಕೂಗುವುದಕ್ಕೂ ಒಂದೇ ರೇಡಿಯೋ ಬಳಸುವ ಅಗ್ಗದ ರಿಪೀಟರಿನಲ್ಲಿ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ. ಅದಕ್ಕೇ ನಾನು ಕೊರೆಯುವ ಪರವೇ. ಒಂದು ತೂತು, ಒಂದು ಕ್ಯಾಟ್-6 ಕೇಬಲ್, ಆಮೇಲೆ ಎಷ್ಟೋ ವರ್ಷ ಆ ಕಡೆ ತಿರುಗಿ ನೋಡಬೇಕಿಲ್ಲ. ಕೇಬಲ್ 100 ಮೀಟರ್ ಮೀರಬಾರದು. ಎಪಿಗೆ ಕರೆಂಟೂ ಅದೇ ಕೇಬಲಿನಲ್ಲಿ ಹೋಗುತ್ತದೆ, ಇದನ್ನು ಪಿಒಇ ಅನ್ನುತ್ತಾರೆ. 2003ರ ಮೊದಲ ಪಿಒಇ ಮಾನದಂಡದಲ್ಲಿ 15.4 ವ್ಯಾಟ್, ಆಮೇಲೆ ಬಂದದ್ದರಲ್ಲಿ 30 ವ್ಯಾಟ್. ಸೀಲಿಂಗಿನಲ್ಲಿ ಪ್ಲಗ್ ಪಾಯಿಂಟ್ ಮಾಡಿಸುವ ಗೋಜಿಲ್ಲ. ಕೆಳಗೆ ಒಂದು ಯುಪಿಎಸ್ ಇಟ್ಟರೆ ಕರೆಂಟ್ ಹೋದಾಗಲೂ ಎಲ್ಲ ನಡೆಯುತ್ತದೆ. ಕೇಬಲ್ ಕೊಳ್ಳುವಾಗ ಮಾತ್ರ ಪೂರಾ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ. ಉದ್ದ ಎಳೆದಾಗ ಅದರಲ್ಲಿ ವೋಲ್ಟೇಜ್ ಇಳಿದು ಎಪಿ ಪದೇ ಪದೇ ಆಫ್ ಆಗುತ್ತದೆ, ತಂತಿ ಬಿಸಿಯೂ ಆಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.

ಇನ್ನು ಚಾನೆಲ್, ಅಂದರೆ ಎಪಿ ಮಾತಾಡುವ ರೇಡಿಯೋ ದಾರಿ. ವೈ-ಫೈ ಬಳಸುವ ರೇಡಿಯೋ ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಜಾಗ ಕಮ್ಮಿ. ನಮ್ಮ ದೇಶದಲ್ಲಿ ಅದರ ಚಾನೆಲ್‌ಗಳು 1ರಿಂದ 13. ಒಂದಕ್ಕೊಂದು 5 ಮೆಗಾಹರ್ಟ್ಸ್ ಅಂತರ, ಆದರೆ ಸಿಗ್ನಲ್ ಸುಮಾರು 20 ಮೆಗಾಹರ್ಟ್ಸ್ ಅಗಲ ಹರಡುತ್ತದೆ. ಹಾಗಾಗಿ ಒಂದರ ಮೇಲೊಂದು ಬೀಳದೆ ಇರಲು 1, 6, 11 ಈ ಮೂರನ್ನೇ ಬಳಸುವುದು ವಾಡಿಕೆ. ಅಶೋಕ ರಸ್ತೆಯಂಥ ಕಡೆ ಅಕ್ಕಪಕ್ಕದ ಅಂಗಡಿಗಳೆಲ್ಲ ಇದೇ ಮೂರರಲ್ಲಿ ಕಿತ್ತಾಡುತ್ತಿರುತ್ತವೆ. ಅಂಥಲ್ಲಿ 5 ಗಿಗಾಹರ್ಟ್ಸೇ ಸರಿ. ಅಲ್ಲಿ ಜಾಗ ಧಾರಾಳ, 2018ರಲ್ಲಿ ಸರ್ಕಾರ ಲೈಸೆನ್ಸ್ ಇಲ್ಲದೆ ಬಳಸಲು ಅದನ್ನು ಇನ್ನಷ್ಟು ತೆರೆದಿದೆ. ಒಂದಕ್ಕಿಂತ ಹೆಚ್ಚು ಎಪಿ ಇದ್ದರೆ ಹೆಸರು, ಪಾಸ್‌ವರ್ಡ್ ಒಂದೇ ಇಡಿ, ಚಾನೆಲ್ ಬೇರೆ ಬೇರೆ ಕೊಡಿ. ಪವರನ್ನು ಪೂರ್ತಿ ಏರಿಸಬೇಡಿ. ಎಪಿ ಜೋರಾಗಿ ಕೂಗಿದರೆ ಫೋನಿಗೆ ಕೇಳಿಸುತ್ತದೆ, ಆದರೆ ಫೋನಿನ ಸಣ್ಣ ರೇಡಿಯೋ ತಿರುಗಿ ಹೇಳಿದ್ದು ಎಪಿಗೆ ಕೇಳಿಸುವುದಿಲ್ಲ. ಸಿಗ್ನಲ್ ಕಡ್ಡಿ ತುಂಬಾ ಇದ್ದೂ ನೆಟ್ ನಡೆಯದಿರಲು ಎಷ್ಟೋ ಸಲ ಇದೇ ಕಾರಣ.

ಬೀಗ ಹಾಕುವುದು

ಮೊದಲು ಡಬ್ಬಿಯದೇ ಪಾಸ್‌ವರ್ಡ್. ವೈ-ಫೈ ಪಾಸ್‌ವರ್ಡ್ ಬೇರೆ, ಡಬ್ಬಿಯ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನೆಯದು ಎಷ್ಟೋ ಕಡೆ ಇನ್ನೂ 'ಅಡ್ಮಿನ್, ಅಡ್ಮಿನ್' ಅಂತಲೇ ಇರುತ್ತದೆ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಜಗತ್ತಿನ ತುಂಬ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಹಿಡಿದದ್ದು ಹೀಗೇ. ಅದರ ಬಳಿ ಇದ್ದದ್ದು ಫ್ಯಾಕ್ಟರಿಯಲ್ಲಿ ಇಟ್ಟು ಕಳಿಸುವ 60 ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಡಬ್ಬಿ ಬಿಚ್ಚಿದ ಕೂಡಲೇ ಇದನ್ನು ಬದಲಿಸಿ. ಹೊರಗಿನಿಂದ ಸೆಟ್ಟಿಂಗ್ ತೆರೆಯಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ. ಒಳಗಿನ ಸಾಧನಗಳು ನಿಮ್ಮನ್ನು ಕೇಳದೆಯೇ ಹೊರಗಿನಿಂದ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನೂ ಆಫ್ ಮಾಡಿ.

ಡಬ್ಲ್ಯುಪಿಎಸ್ ಕೂಡ ಬೇಡ. ಪಾಸ್‌ವರ್ಡ್ ಟೈಪ್ ಮಾಡುವ ತಾಪತ್ರಯ ತಪ್ಪಿಸಲು ಬಂದ 8 ಅಂಕಿಯ ಪಿನ್ ಅದು. 8 ಅಂಕಿ ಅಂದರೆ 10 ಕೋಟಿ ಸಾಧ್ಯತೆ ಅನ್ನಿಸುತ್ತದೆ. ಆದರೆ ಕೊನೆಯ ಅಂಕಿ ಉಳಿದವುಗಳಿಂದಲೇ ಲೆಕ್ಕ ಹಾಕಿ ಬರುವಂಥದ್ದು. ಮೇಲಾಗಿ ಡಬ್ಬಿ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಅನ್ನುವುದನ್ನು ಬೇರೆಯಾಗಿ ಹೇಳಿಬಿಡುತ್ತದೆ. ಮೊದಲರ್ಧಕ್ಕೆ 10,000, ಉಳಿದದ್ದಕ್ಕೆ 1,000, ಒಟ್ಟು 11,000 ಪ್ರಯತ್ನದಲ್ಲಿ ಬಾಗಿಲು ತೆರೆಯುತ್ತದೆ. ಇದು 2011ರಲ್ಲೇ ಬಯಲಾಗಿದೆ.

ಇನ್ನು ವೈ-ಫೈ ಪಾಸ್‌ವರ್ಡ್. ಅದನ್ನು ಕಾಯುವ ಬೀಗದ ವಿಧಾನಗಳು ಬೇರೆ ಬೇರೆ ಇವೆ. ಡಬ್ಬಿಯಲ್ಲಿ ಡಬ್ಲ್ಯುಇಪಿ ಅನ್ನುವ ಆಯ್ಕೆ ಇನ್ನೂ ಕಂಡರೆ ಮುಟ್ಟಬೇಡಿ. 2001ರಲ್ಲೇ ಅದನ್ನು ಒಡೆದಿದ್ದಾರೆ. ಇವತ್ತಿಗೆ ಸರಿಯಾದದ್ದು 2018ರಲ್ಲಿ ಬಂದ ಡಬ್ಲ್ಯುಪಿಎ3. ಹಳೇ ಫೋನ್ ಇಲ್ಲವೇ ಪ್ರಿಂಟರ್ ಅದನ್ನು ಒಪ್ಪದಿದ್ದರೆ 2004ರ ಡಬ್ಲ್ಯುಪಿಎ2, ಅದರಲ್ಲೂ ಎಇಎಸ್ ಅನ್ನುವ ಗೂಢಲಿಪಿ ಇರುವುದೇ ಬೇಕು.

ಡಬ್ಲ್ಯುಪಿಎ2ರ ಒಂದು ದೌರ್ಬಲ್ಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೋನು, ಎಪಿ ಎರಡೂ ಮೊದಲು ಸೇರುವಾಗ ನಾಲ್ಕು ಸಂದೇಶ ವಿನಿಮಯ ಆಗುತ್ತದೆ. ಪಾಸ್‌ವರ್ಡ್ ಅದರಲ್ಲಿ ನೇರವಾಗಿ ಹೋಗುವುದಿಲ್ಲ. ಆದರೆ ಹೊರಗೆ ಬೈಕ್ ಮೇಲೆ ಕೂತವನೊಬ್ಬ ಆ ನಾಲ್ಕನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದುಕೊಂಡರೆ, ಮನೆಗೆ ಹೋಗಿ ಆರಾಮಾಗಿ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಬಹುದು. ನಿಮ್ಮ ಡಬ್ಬಿಗೆ ಅದರ ಸುಳಿವೂ ಸಿಗುವುದಿಲ್ಲ. ನಮ್ಮಲ್ಲಿ ಬಹಳ ಜನ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿರುತ್ತಾರೆ. ನೆನಪಿಡಲು ಸುಲಭ, ನಿಜ. ಲೆಕ್ಕ ಹಾಕಿ ನೋಡಿ. 10 ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಒಟ್ಟು 400 ಕೋಟಿ ಸಾಧ್ಯತೆ. ಆಟಕ್ಕೆ ಬಳಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆ ಮಾಡುತ್ತದೆ. ಭಾರತದ ಅಷ್ಟೂ ಮೊಬೈಲ್ ನಂಬರ್ ತಿರುವಿ ಹಾಕಲು ಅದಕ್ಕೆ ಹೆಚ್ಚೆಂದರೆ ಒಂದು ಗಂಟೆ ಚಿಲ್ಲರೆ ಸಾಕು. ಅದೇ ನಂಬರ್ ಅಂಗಡಿಯ ಬೋರ್ಡಿನ ಮೇಲೂ ಇದ್ದರೆ ಆ ಶ್ರಮವೂ ಬೇಕಿಲ್ಲ.

ಪಾಸ್‌ವರ್ಡ್ 8ರಿಂದ 63 ಅಕ್ಷರದ ತನಕ ಇರಬಹುದು. ಉದ್ದವೇ ಅದರ ಬಲ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿ ಬರೆಯಿರಿ. ಮಂಡಕ್ಕಿ, ಏಣಿ, ಹುಣಸೆ, ಕಂಬಳಿ, ಈ ಥರ. ಇದನ್ನೇ ಇಡಬೇಡಿ ಮತ್ತೆ. ಡಬ್ಲ್ಯುಪಿಎ3ರಲ್ಲಿ ಹೀಗೆ ಮನೆಗೆ ಒಯ್ದು ಊಹಿಸಲು ಬರುವುದಿಲ್ಲ. ಪ್ರತಿ ಊಹೆಗೂ ಅಂಗಡಿಯ ಹತ್ತಿರ ನಿಂತು ಎಪಿಯನ್ನೇ ಕೇಳಬೇಕು.

ವೈ-ಫೈ ಹೆಸರನ್ನು ಅಡಗಿಸಿಡುವುದು, ಪ್ರತಿ ಸಾಧನದ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ನೋಡಿ ಒಳಗೆ ಬಿಡುವುದು, ಇವೆರಡರಿಂದ ಸುಮ್ನೆ ನಿಮಗೇ ತೊಂದರೆ. ಹೆಸರೂ ಮ್ಯಾಕ್ ವಿಳಾಸವೂ ಗಾಳಿಯಲ್ಲಿ ಬಿಚ್ಚಿಟ್ಟಂತೆಯೇ ಹೋಗುತ್ತವೆ, ಬೇಕಾದವರಿಗೆ ಸಿಗುತ್ತವೆ.

ಗಿರಾಕಿ ಬೇರೆ, ಅಂಗಡಿ ಬೇರೆ

ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಚೀಟಿಯಲ್ಲಿ ಬರೆದು ಅಂಟಿಸಿದ ಮೇಲೆ ಮುಗಿಯಿತು. ಡಬ್ಲ್ಯುಪಿಎ2ರಲ್ಲಿ ಇನ್ನೊಂದು ವಿಷಯ ಇದೆ. ಪಾಸ್‌ವರ್ಡ್ ಗೊತ್ತಿರುವವರು, ಬೇರೆಯವರು ವೈ-ಫೈಗೆ ಸೇರುವ ಆ ನಾಲ್ಕು ಸಂದೇಶ ಹಿಡಿದರೆ, ಅವರ ಮಾತುಕತೆಯನ್ನು ಬಿಡಿಸಿ ನೋಡಬಹುದು. ಬ್ಯಾಂಕಿನ ಆಪ್, ಯುಪಿಐಗೆ ತಮ್ಮದೇ ಬೇರೆ ಬೀಗ ಇರುವುದರಿಂದ ಅವು ಕಾಣುವುದಿಲ್ಲ. ಆದರೆ ಡಿವಿಆರ್‌ನ ಪೇಜು, ಪ್ರಿಂಟರಿಗೆ ಹೋಗುವ ಬಿಲ್ಲು, ಎರಡು ಕಂಪ್ಯೂಟರ್ ನಡುವೆ ಹಂಚಿಕೊಂಡ ಫೋಲ್ಡರ್, ಇವಕ್ಕೆ ಸಾಮಾನ್ಯವಾಗಿ ಬೀಗ ಇರುವುದಿಲ್ಲ.

ಪರಿಹಾರ ವಿಲಾನ್. ಒಂದೇ ಕೇಬಲ್, ಒಂದೇ ಎಪಿ ಇಟ್ಟುಕೊಂಡೇ ಒಳಗೆ ಬೇರೆ ಬೇರೆ ನೆಟ್‌ವರ್ಕ್ ಮಾಡುವ ವಿಧಾನ ಇದು. ಪ್ರತಿ ಮಾಹಿತಿ ತುಣುಕಿಗೂ ಒಂದು ನಂಬರ್ ಅಂಟಿಸುತ್ತಾರೆ, ಒಂದು ನಂಬರಿನದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಉದಾಹರಣೆಗೆ ಅಂಗಡಿಗೆ 10, ಗಿರಾಕಿಗೆ 20, ಕ್ಯಾಮೆರಾಗೆ 30. ಎಪಿ ಎರಡು ಹೆಸರು ತೋರಿಸುತ್ತದೆ. ಗಿರಾಕಿಯ ಹೆಸರಿಗೆ ಸೇರಿದ ಫೋನ್ 20ರಲ್ಲೇ ಇರುತ್ತದೆ. ಅಲ್ಲಿಂದ ಇಂಟರ್‌ನೆಟ್ಟಿಗೆ ಮಾತ್ರ ದಾರಿ, ಬೇರೆ ಕಡೆಗಿಲ್ಲ ಅಂತ ರೂಟರಿನಲ್ಲಿ ನಿಯಮ ಬರೆಯಬೇಕು. ಗಿರಾಕಿಗಳ ಫೋನ್ ಫೋನ್ ನಡುವೆ ಮಾತು ಬೇಡ ಅಂತ ಕ್ಲೈಂಟ್ ಐಸೊಲೇಷನ್ ಆನ್ ಮಾಡಬೇಕು. ಅಂಗಡಿಯ ಕಡೆ ಮಾತ್ರ ಅದನ್ನು ಆನ್ ಮಾಡಬೇಡಿ, ವೈ-ಫೈನಲ್ಲಿರುವ ಬಿಲ್ ಪ್ರಿಂಟರ್ ನಿಂತುಹೋಗುತ್ತದೆ. ಕ್ಯಾಮೆರಾಗಳನ್ನು ಬೇರೆ ಇಡುವುದು ಯಾಕೆ ಅಂದರೆ, ಅಂಗಡಿಯಲ್ಲಿ ಯಾರೂ ಅಪ್‌ಡೇಟ್ ಮಾಡದ ಸಾಧನ ಅಂದರೆ ಅವೇ.

ಇದಕ್ಕೆ ವಿಲಾನ್ ತಿಳಿಯುವ ರೂಟರ್ ಮತ್ತು ಸ್ವಿಚ್ ಬೇಕು. ಕಂಪನಿಯವರ ಡಬ್ಬಿಗೆ ಎಷ್ಟೋ ಸಲ ಅದು ಬರುವುದಿಲ್ಲ. ಅದರ ಹಿಂದೆ ನಿಮ್ಮದೇ ಒಂದು ಸಣ್ಣ ರೂಟರ್ ಹಾಕಿ. ಒಟ್ಟು ಬಜೆಟ್ಟಿನಲ್ಲಿ ನಾನು ಮೊದಲು ಜಾಗ ಬಿಡುವುದು ಇದಕ್ಕೇ. ದುಬಾರಿ ಎಪಿ ಆಮೇಲಿನ ಮಾತು.

"ನನ್ನ ರೂಟರಲ್ಲೇ ಗೆಸ್ಟ್ ವೈ-ಫೈ ಅಂತ ಬಟನ್ ಇದೆಯಲ್ಲ?" ಅನ್ನಬಹುದು. ಇದೆ. ರೂಟರ್ ತನ್ನ ಪೂರಾ ಕೆಲಸ ಮಾಡುತ್ತಿರುವಾಗ ಅದು ಚೆನ್ನಾಗಿಯೇ ಕಾಯುತ್ತದೆ. ಆದರೆ ಅದೇ ಡಬ್ಬಿಯನ್ನು ಎಪಿ ಮೋಡ್‌ಗೆ ಹಾಕಿದಾಗ, ಹಲವು ಮಾಡೆಲ್‌ಗಳಲ್ಲಿ ಗೆಸ್ಟ್ ಅನ್ನುವುದು ಬರೀ ಇನ್ನೊಂದು ಹೆಸರಾಗಿ ಉಳಿಯುತ್ತದೆ. ಗಿರಾಕಿಯ ಫೋನಿಗೂ ಟ್ಯಾಲಿ ಕಂಪ್ಯೂಟರಿಗೂ ಒಂದೇ ಸಾಲಿನ ವಿಳಾಸ ಸಿಗುತ್ತದೆ. ಹೆಸರು ಬೇರೆ ಕಂಡಿದ್ದಕ್ಕೆ ನೆಟ್‌ವರ್ಕೂ ಬೇರೆ ಅಂತ ನಂಬಿಬಿಡಬೇಡಿ.

ಬೆಣ್ಣೆ ದೋಸೆ ಹೋಟೆಲಿನಂಥ ಕಡೆ ಇನ್ನೊಂದು ಸಮಸ್ಯೆ ಬರುತ್ತದೆ. ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವೈ-ಫೈ ಇದ್ದಕ್ಕಿದ್ದಂತೆ ಹೊಸದಾಗಿ ಬಂದ ಯಾರಿಗೂ ಸಿಗುವುದಿಲ್ಲ. ಮೊದಲೇ ಸೇರಿದವರಿಗೆ ಏನೂ ಆಗಿರುವುದಿಲ್ಲ. ಸಾಧಾರಣ ನೆಟ್‌ವರ್ಕಿನಲ್ಲಿ ಹಂಚಲು ಇರುವುದು 253 ವಿಳಾಸ. ಒಂದು ಫೋನಿಗೆ ಕೊಟ್ಟ ವಿಳಾಸವನ್ನು ಹಲವು ಡಬ್ಬಿಗಳು 24 ಗಂಟೆ ಹಿಡಿದಿಡುತ್ತವೆ. ಗಿರಾಕಿ ದೋಸೆ ತಿಂದು ಅರ್ಧ ಗಂಟೆಯಲ್ಲಿ ಹೋಗುತ್ತಾರೆ, ಅವರ ವಿಳಾಸ ಮಾರನೇ ದಿನದ ತನಕ ಖಾಲಿ ಆಗುವುದಿಲ್ಲ. ಡಿಎಚ್‌ಸಿಪಿ ಲೀಸ್ ಟೈಮ್ ಅನ್ನುವ ಸೆಟ್ಟಿಂಗನ್ನು ಗಿರಾಕಿಗಳ ನೆಟ್‌ವರ್ಕಿನಲ್ಲಿ ಒಂದು ಗಂಟೆಗೆ ಇಳಿಸಿದರೆ ಇದು ಬಗೆಹರಿಯುತ್ತದೆ. ಜೊತೆಗೆ ಒಬ್ಬೊಬ್ಬರಿಗೆ ಇಷ್ಟೇ ವೇಗ ಅಂತ ಮಿತಿ ಹಾಕಿ. ಒಬ್ಬರು ಸಿನಿಮಾ ಇಳಿಸಿಕೊಳ್ಳಲು ಕೂತರೆ ಗಲ್ಲಾದಲ್ಲಿ ಕಾರ್ಡ್ ಮಷೀನ್ ಕಾಯಬಾರದಲ್ಲ.

ಕೆಲಸದವರ ಫೋನುಗಳನ್ನೂ ಗಿರಾಕಿಗಳ ಕಡೆಗೇ ಹಾಕಿ. ಅಂಗಡಿಯ ಪಾಸ್‌ವರ್ಡ್ ಅಂಗಡಿಯ ಸಾಧನಗಳಿಗೆ ಮಾತ್ರ ಇರಲಿ. ಆಗ ಯಾರೋ ಕೆಲಸ ಬಿಟ್ಟರು ಅಂತ ಎಲ್ಲ ಕಡೆ ಪಾಸ್‌ವರ್ಡ್ ಬದಲಿಸುತ್ತ ಕೂರಬೇಕಿಲ್ಲ. ನರ್ಸಿಂಗ್ ಹೋಂ, ಕಾಲೇಜಿನಂಥ ದೊಡ್ಡ ಜಾಗಕ್ಕಾದರೆ ಡಬ್ಲ್ಯುಪಿಎ ಎಂಟರ್‌ಪ್ರೈಸ್ ಇದೆ. ಒಬ್ಬೊಬ್ಬರಿಗೂ ಅವರದೇ ಹೆಸರು, ಪಾಸ್‌ವರ್ಡ್. ಬಿಟ್ಟು ಹೋದವರದನ್ನು ಮಾತ್ರ ಅಳಿಸಿದರೆ ಆಯಿತು.

ಪಾಸ್‌ವರ್ಡೇ ಬೇಡ ಅಂದರೆ

ಪಾಸ್‌ವರ್ಡ್ ಇಲ್ಲದೆ ವೈ-ಫೈ ಬಿಡುವುದು ಉದಾರತೆ ಅನ್ನಿಸಬಹುದು. ಆದರೆ 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಒಂದು ಬೆದರಿಕೆಯ ಇಮೇಲ್ ಬಂತು. ಪೊಲೀಸರು ಅದರ ಜಾಡು ಹಿಡಿದು ಹೋದಾಗ ತಲುಪಿದ್ದು ನವಿ ಮುಂಬೈಯ ಒಂದು ಫ್ಲ್ಯಾಟಿಗೆ. ಅಲ್ಲಿದ್ದವರ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು. ವಿಚಾರಣೆ ಎದುರಿಸಿದ್ದು ಮಾತ್ರ ಮನೆಯವರು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ಜಾಗದಲ್ಲಿ ಗುರುತು ಖಾತ್ರಿ ಮಾಡಿಕೊಳ್ಳದೆ ವೈ-ಫೈ ಕೊಡಬಾರದು ಅಂತ ಸೂಚನೆ ಹೊರಡಿಸಿತು. ರೈಲ್ವೆ ಸ್ಟೇಷನ್ನಿನಲ್ಲಿ ಮೊದಲು ಮೊಬೈಲಿಗೆ ಒಟಿಪಿ ಕಳಿಸುವುದು ಇದೇ ಕಾರಣಕ್ಕೆ.

ನಿಮ್ಮಲ್ಲೂ ದಿನಕ್ಕೆ ನೂರಾರು ಜನ ಬಂದು ಹೋಗುತ್ತಾರೆ ಅಂದರೆ ಒಟಿಪಿ ಕೇಳುವ ವ್ಯವಸ್ಥೆಯೇ ಸರಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಅನ್ನುವ ಸಾರ್ವಜನಿಕ ವೈ-ಫೈ ಯೋಜನೆ ಇದಕ್ಕೆ ಅನುಕೂಲ. ಅಂಗಡಿಯವರು ಅದರಲ್ಲಿ ಪಬ್ಲಿಕ್ ಡೇಟಾ ಆಫೀಸ್, ಅಂದರೆ ವೈ-ಫೈ ಕೊಡುವ ಜಾಗ, ಆಗಲು ಲೈಸೆನ್ಸ್ ಬೇಡ, ನೋಂದಣಿ ಬೇಡ, ಸರ್ಕಾರಕ್ಕೆ ಶುಲ್ಕವೂ ಇಲ್ಲ. ಗಿರಾಕಿಯ ಗುರುತು ನೋಡುವ, ಲೆಕ್ಕ ಇಡುವ ಕೆಲಸವನ್ನು ಆ ಯೋಜನೆಯ ಬೇರೆ ಸಂಸ್ಥೆಗಳು ಮಾಡುತ್ತವೆ. ಇನ್ನೊಂದು ಗೊತ್ತಿರಲಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲಿನ ನಿರ್ದೇಶನದ ಪ್ರಕಾರ, ಕಂಪನಿಗಳು ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು, 180 ದಿನದ ಲಾಗ್, ಅಂದರೆ ನಡೆದದ್ದರ ದಾಖಲೆ, ಇಟ್ಟಿರಬೇಕು. ಸ್ವಲ್ಪ ದೊಡ್ಡ ವ್ಯವಹಾರ ಇರುವವರು ರೂಟರಿನ ಲಾಗ್ ಎಲ್ಲಿ ಉಳಿಯುತ್ತದೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಕೆಲಸ ಮುಗಿಸಿದವರು ಹೊರಡುವ ಮೊದಲು

ಮೊದಲು ಎಲ್ಲ ಪಾಸ್‌ವರ್ಡ್ ನಿಮ್ಮ ಕೈಗೆ ಬರಬೇಕು. ರೂಟರ್, ಸ್ವಿಚ್, ಎಪಿ, ಡಿವಿಆರ್, ಒಂದೂ ಬಿಡದೆ ಡೈರಿಯಲ್ಲಿ ಬರೆಸಿಕೊಂಡು ಬೀರುವಿನಲ್ಲಿಡಿ. ಸೆಟ್ಟಿಂಗಿನ ಬ್ಯಾಕಪ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಫರ್ಮ್‌ವೇರ್, ಅಂದರೆ ಡಬ್ಬಿಯೊಳಗಿನ ಸಾಫ್ಟ್‌ವೇರ್, ತಾನೇ ಅಪ್‌ಡೇಟ್ ಆಗುತ್ತದೋ ಇಲ್ಲವೋ ಕೇಳಿ. 2017ರಲ್ಲಿ ಡಬ್ಲ್ಯುಪಿಎ2ರಲ್ಲೇ ಕ್ರ್ಯಾಕ್ ಅನ್ನುವ ದೋಷ ಸಿಕ್ಕಾಗ ಪಾಸ್‌ವರ್ಡ್ ಬದಲಿಸಿ ಪ್ರಯೋಜನ ಇರಲಿಲ್ಲ, ಅಪ್‌ಡೇಟ್ ಒಂದೇ ದಾರಿಯಾಗಿತ್ತು. ಎಪಿ ಕೈಗೆಟುಕುವ ಎತ್ತರದಲ್ಲಿ ಇರಬಾರದು. ಪಿನ್ನಿನಿಂದ ರಿಸೆಟ್ ಬಟನ್ ಒತ್ತಿದರೆ ಎಲ್ಲ ಬೀಗವೂ ಫ್ಯಾಕ್ಟರಿಯಿಂದ ಬಂದ ಹಾಗೆ ಆಗಿಬಿಡುತ್ತದೆ.

ಆಮೇಲೆ ಅವರ ಎದುರಿಗೇ ಒಂದು ಪರೀಕ್ಷೆ ಮಾಡಿ. ನಿಮ್ಮ ಫೋನನ್ನು ಗಿರಾಕಿಗಳ ವೈ-ಫೈಗೆ ಸೇರಿಸಿ. ಬ್ರೌಸರಿನಲ್ಲಿ ಡಿವಿಆರ್‌ನ ವಿಳಾಸ ಹಾಕಿ, ಸಾಮಾನ್ಯವಾಗಿ 192.168 ಅಂತ ಶುರುವಾಗುವುದು. ಪೇಜ್ ತೆರೆಯಬಾರದು. ರೂಟರಿನ ವಿಳಾಸ ಹಾಕಿ, ಲಾಗಿನ್ ಕೇಳಬಾರದು. ಟ್ಯಾಲಿ ಕಂಪ್ಯೂಟರ್ ಕಾಣಬಾರದು. ಯಾವುದಾದರೂ ಒಂದು ತೆರೆದರೆ ಕೆಲಸ ಇನ್ನೂ ಮುಗಿದಿಲ್ಲ ಅಂತ ನೇರವಾಗಿ ಹೇಳಿ, ಸಂಕೋಚ ಬೇಡ. ಇದೇ ಪರೀಕ್ಷೆಯನ್ನು ಇಂಟರ್‌ನೆಟ್ ಕಂಪನಿಯವರು ಡಬ್ಬಿ ಬದಲಿಸಿ ಹೋದ ದಿನವೂ ಮಾಡಿ. ಹೊಸ ಡಬ್ಬಿ ತನ್ನದೇ ವೈ-ಫೈಯನ್ನು ಆನ್ ಮಾಡಿಕೊಂಡು, ತನ್ನ ಪಾಸ್‌ವರ್ಡನ್ನು ಬೆನ್ನ ಮೇಲೆ ಅಂಟಿಸಿಕೊಂಡೇ ಬಂದಿರುತ್ತದೆ. ಆ ವೈ-ಫೈ ಆಫ್ ಮಾಡಿಸಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡೈರಿಯಲ್ಲಿ ಹಳೆಯದನ್ನು ಹೊಡೆದು ಹೊಸದನ್ನು ಬರೆದುಕೊಳ್ಳಿ.